ಉರಿಮೂತ್ರ: ಬಾಟಲಿ ಹಿಡಿಯುವುದರಿಂದ ಮಾತ್ರೆ ಮುಗಿಸುವವರೆಗೆ

ಬೇಸಿಗೆ ಬಂತೆಂದರೆ ನಮ್ಮ ಕೋಲಾರದ ಕಡೆ ಮನೆಮನೆಯಲ್ಲೂ ಕೇಳುವ ಮಾತು: "ಯಾಕೋ ಉಷ್ಣ ಆಗಿದೆ, ಒಂದಕ್ಕೆ ಹೋದರೆ ಉರಿ." ಕೇಳಿದವರು ಎಳನೀರು ಕುಡಿ ಅನ್ನುತ್ತಾರೆ, ಬಾರ್ಲಿ ನೀರು ಕುಡಿ ಅನ್ನುತ್ತಾರೆ. ಎರಡು ದಿನ ಹಾಗೇ ಕಳೆಯುತ್ತದೆ. ಉರಿ ಹೋಗದಿದ್ದರೆ ಗಂಡನನ್ನೋ ಮಗನನ್ನೋ ಮೆಡಿಕಲ್ ಸ್ಟೋರಿಗೆ ಕಳಿಸಿ ನಾಲ್ಕು ಮಾತ್ರೆ ತರಿಸುತ್ತಾರೆ. ಎರಡು ನುಂಗಿದ ಮೇಲೆ ಉರಿ ನಿಲ್ಲುತ್ತದೆ, ಉಳಿದ ಎರಡು ಕಪಾಟು ಸೇರುತ್ತವೆ. ಮುಂದಿನ ತಿಂಗಳು ಮತ್ತೆ ಅದೇ ಉರಿ.

ನಾನು ಲ್ಯಾಬ್‌ನಲ್ಲಿ ಕೆಲಸ ಮಾಡುವವಳು, ಡಾಕ್ಟರ್ ಅಲ್ಲ. ಯೂರಿನ್ ಬಾಟಲಿ ತೆಗೆದುಕೊಳ್ಳುವ ಕಿಟಕಿಯ ಈಚೆ ಕೂತು ನೋಡಿದ್ದು, ಡಾಕ್ಟರುಗಳಿಂದ ಕೇಳಿ ತಿಳಿದದ್ದು, ಓದಿದ್ದು ಎಲ್ಲ ಸೇರಿಸಿ ಇದನ್ನು ಬರೆಯುತ್ತಿದ್ದೇನೆ. ಮೂತ್ರಕೋಶದ ಸೋಂಕು ಸಾಮಾನ್ಯವಾಗಿ ಐದಾರು ದಿನದಲ್ಲಿ ವಾಸಿಯಾಗುವ ಕಾಯಿಲೆ. ಅದನ್ನು ದೊಡ್ಡದು ಮಾಡುವುದು ನಾಚಿಕೆಯಿಂದ ಮುಚ್ಚಿಡುವುದು, ಮತ್ತೆ ಟೆಸ್ಟ್ ಇಲ್ಲದೆ ಅರ್ಧಂಬರ್ಧ ಮಾತ್ರೆ ನುಂಗುವುದು. ಈ ಎರಡನ್ನು ಬಿಟ್ಟರೆ ಅರ್ಧ ಕಷ್ಟ ಅಲ್ಲೇ ಮುಗಿಯುತ್ತದೆ.

ಒಳಗೆ ಆಗುವುದೇನು

ಕಿಡ್ನಿಯಲ್ಲಿ ತಯಾರಾದ ಮೂತ್ರ ಸಣ್ಣ ನಾಳಗಳಲ್ಲಿ ಇಳಿದು ಮೂತ್ರಕೋಶದಲ್ಲಿ ತುಂಬುತ್ತದೆ. ಅಲ್ಲಿಂದ ಮೂತ್ರದ್ವಾರದ ನಾಳದ ಮೂಲಕ ಹೊರಗೆ ಬರುತ್ತದೆ. ಸೋಂಕು ಹೆಚ್ಚಾಗಿ ಬರುವುದು ಇದಕ್ಕೆ ಉಲ್ಟಾ ದಿಕ್ಕಿನಲ್ಲಿ, ಹೊರಗಿನಿಂದ ಮೇಲಕ್ಕೆ. ತರುವ ಕ್ರಿಮಿ ಬಹುಪಾಲು ಇ. ಕೋಲೈ. ಇದು ಎಲ್ಲರ ಕರುಳಲ್ಲೂ ಇರುವ ಬ್ಯಾಕ್ಟೀರಿಯಾ. ಕರುಳಲ್ಲಿ ಇದ್ದರೆ ತೊಂದರೆ ಇಲ್ಲ. ಮಲದ್ವಾರದ ಹತ್ತಿರದಿಂದ ಮೂತ್ರದ್ವಾರಕ್ಕೆ ದಾಟಿ ಮೂತ್ರಕೋಶಕ್ಕೆ ಹತ್ತಿದಾಗ ಉರಿ ಶುರು.

ಹೆಂಗಸರಿಗೆ ಜಾಸ್ತಿ ಯಾಕೆ ಅಂದರೆ ಹೆಂಗಸರ ಮೂತ್ರನಾಳ ಸುಮಾರು 4 ಸೆಂಟಿಮೀಟರ್ ಮಾತ್ರ. ಗಂಡಸರದ್ದು 20 ಸೆಂಟಿಮೀಟರ್ ಹತ್ತಿರ ಇರುತ್ತದೆ. ಕ್ರಿಮಿಗೆ ದಾರಿ ಗಿಡ್ಡವಾದಷ್ಟೂ ಸುಲಭ. ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಜೀವನದಲ್ಲಿ ಒಮ್ಮೆಯಾದರೂ ಇದು ಬರುತ್ತದೆ. ಹಾಗಾಗಿ ಇದು ಯಾರ ನಡತೆಗೂ ಯಾರ ಕೊಳಕುತನಕ್ಕೂ ಸಂಬಂಧಪಟ್ಟ ವಿಷಯ ಅಲ್ಲ. ಕಿಟಕಿ ಹತ್ತಿರ ಬಂದು ಅತ್ತ ಇತ್ತ ನೋಡಿ ಪಿಸುಗುಟ್ಟುವ ಹೆಣ್ಣುಮಕ್ಕಳನ್ನು ಕಂಡಾಗ ಇದನ್ನೇ ಹೇಳಬೇಕು ಅನಿಸುತ್ತದೆ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಅನುಮಾನ ಇದೆ: "ಬೋರ್‌ವೆಲ್ ನೀರು ಕುಡಿದು ಹೀಗಾಯಿತಾ?" ಇಲ್ಲಿನ ಬೋರ್‌ವೆಲ್ ನೀರಲ್ಲಿ ಗಡಸುತನ ಇದೆ, ಎಷ್ಟೋ ಊರಲ್ಲಿ ಫ್ಲೋರೈಡ್ ಕೂಡ ಇದೆ. ಫ್ಲೋರೈಡ್ ಹಲ್ಲು ಮತ್ತು ಮೂಳೆಗೆ ಹೊಡೆತ ಕೊಡುತ್ತದೆ. ಉರಿಮೂತ್ರದ ಸೋಂಕು ಅದರಿಂದ ಬರುವುದಲ್ಲ. ಬೋರ್‌ವೆಲ್ ನೀರಿಗೆ ಹೆದರಿ ಕುಡಿಯುವುದನ್ನೇ ಕಡಿಮೆ ಮಾಡಿದರೆ ಮಾತ್ರ ಖಂಡಿತ ತೊಂದರೆ.

ಮೊದಲು ಇದನ್ನು ನೋಡಿಕೊಳ್ಳಿ

ಮೂತ್ರಕೋಶದಲ್ಲಷ್ಟೇ ಸೋಂಕು ಇದ್ದರೆ ಒಂದಕ್ಕೆ ಹೋಗುವಾಗ ಉರಿ, ಪದೇ ಪದೇ ಹೋಗಬೇಕು ಅನಿಸುವುದು, ಹೋದರೆ ನಾಲ್ಕು ಹನಿ, ಕಿಬ್ಬೊಟ್ಟೆ ನೋವು, ಕೆಲವೊಮ್ಮೆ ಕೆಟ್ಟ ವಾಸನೆ ಅಥವಾ ರಕ್ತದ ಬಣ್ಣ. ಜ್ವರ ಸಾಮಾನ್ಯವಾಗಿ ಇರುವುದಿಲ್ಲ.

ಜ್ವರ ಬಂದು ಮೈ ನಡುಗಿದರೆ, ಬೆನ್ನಿನ ಒಂದು ಬದಿ ಪಕ್ಕೆಲುಬಿನ ಕೆಳಗೆ ನೋವು ಬಂದರೆ, ವಾಂತಿ ಆದರೆ ಸೋಂಕು ಕಿಡ್ನಿಗೆ ಹತ್ತಿದೆ ಅಂತ ತಿಳಿಯಿರಿ. ಆಗ ಮನೆಮದ್ದು ಬೇಡ, ಮಾರನೇ ದಿನದವರೆಗೆ ಕಾಯುವುದೂ ಬೇಡ. ಅವತ್ತೇ ಆಸ್ಪತ್ರೆಗೆ ಹೋಗಿ. ಮಾತು ತಡವರಿಸಿದರೆ, ಎದೆ ಬಡಿತ ಜೋರಾಗಿ ತಲೆ ಸುತ್ತಿದರೆ, ಮೂತ್ರವೇ ಬರದಿದ್ದರೆ 108ಕ್ಕೆ ಫೋನ್ ಮಾಡಿ. ರಕ್ತಕ್ಕೆ ಸೋಂಕು ಹರಡಿದಾಗ ಗಂಟೆಗಳೂ ಲೆಕ್ಕಕ್ಕೆ ಬರುತ್ತವೆ.

ಇನ್ನೊಂದು ಗೊಂದಲ ಬಿಳಿ ಸೆರಗಿನದು. ಉರಿಯ ಜೊತೆ ತುರಿಕೆ ಇದ್ದರೆ, ಮೊಸರಿನ ಗಂಟಿನಂತೆ ಬಿಳಿ ಹೋಗುತ್ತಿದ್ದರೆ ಅಥವಾ ವಾಸನೆಯ ಸ್ರಾವ ಇದ್ದರೆ ಅದು ಯೋನಿಯ ಸೋಂಕು ಇರಬಹುದು. ಅದರ ಔಷಧಿ ಬೇರೆ. ಯೂರಿನ್ ಇನ್‌ಫೆಕ್ಷನ್ ಮಾತ್ರೆ ನುಂಗಿದರೆ ಫಂಗಸ್ ಇನ್ನೂ ಜಾಸ್ತಿ ಆಗಬಹುದು. ಅಲೆಅಲೆಯಾಗಿ ಬಂದು ತೊಡೆಯ ಸಂದಿಗೆ ಇಳಿಯುವ ಜೋರು ನೋವಾದರೆ ಕಲ್ಲಿನ ಅನುಮಾನ, ಅದಕ್ಕೆ ಸ್ಕ್ಯಾನ್ ಬೇಕು.

ಸ್ಯಾಂಪಲ್ ಕೊಡುವುದು

ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ರಿಪೋರ್ಟ್ ತಪ್ಪಾದರೆ ಔಷಧಿಯೂ ತಪ್ಪಾಗುತ್ತದೆ. ರಿಪೋರ್ಟ್ ತಪ್ಪಾಗುವುದು ಹೆಚ್ಚಾಗಿ ಬಾಟಲಿಯಲ್ಲೇ.

ಒಬ್ಬ ಅಜ್ಜಿ ಕೆಮ್ಮಿನ ಸಿರಪ್ ಬಾಟಲಿಯಲ್ಲಿ ತಂದಿದ್ದರು. "ಡಬ್ಬಿಗೆ ಕಾಸು ಯಾಕಮ್ಮಾ ಅಂತ ಇದನ್ನೇ ಬಿಸಿನೀರಲ್ಲಿ ಚೆನ್ನಾಗಿ ತೊಳೆದು ತಂದೆ" ಅಂದರು. ತೊಳೆದಿದ್ದರು, ಸುಳ್ಳಲ್ಲ. ಆದರೆ ಬಾಟಲಿಯ ಅಂಚಲ್ಲಿ ಉಳಿದ ಸಿರಪ್ ಸ್ಯಾಂಪಲ್‌ಗೆ ಸೇರಿದರೆ ರಿಪೋರ್ಟ್ ತಪ್ಪಾಗಬಹುದು. ಮನೆಯಲ್ಲಿ ಎಷ್ಟು ತೊಳೆದರೂ ಬಾಟಲಿ ಕ್ರಿಮಿರಹಿತ ಆಗುವುದಿಲ್ಲ. ಮುಚ್ಚಳ ಬಿಗಿಯಾಗಿ ಬರುವ, ಕ್ರಿಮಿರಹಿತ ಅಂತ ಸೀಲ್ ಆದ ಡಬ್ಬಿ ಲ್ಯಾಬ್‌ನಲ್ಲೂ ಮೆಡಿಕಲ್ ಸ್ಟೋರಲ್ಲೂ ಸಿಗುತ್ತದೆ. ಅದನ್ನೇ ತಗೊಳ್ಳಿ.

ಆಂಟಿಬಯೋಟಿಕ್‌ನ ಮೊದಲ ಮಾತ್ರೆ ನುಂಗುವ ಮುಂಚೆ ಸ್ಯಾಂಪಲ್ ಕೊಡಬೇಕು. ಒಂದೇ ಡೋಸ್ ಬಿದ್ದರೂ ಕಲ್ಚರ್‌ನಲ್ಲಿ (ಮೂತ್ರದ ಕ್ರಿಮಿಯನ್ನು ಬೆಳೆಸಿ ನೋಡುವ ಟೆಸ್ಟ್) ಕ್ರಿಮಿ ಬೆಳೆಯದೆ ಹೋಗಬಹುದು. ಮಾತ್ರೆ ತಗೊಂಡಾಗಿದ್ದರೆ ಮುಚ್ಚಿಡಬೇಡಿ, ಯಾವ ಮಾತ್ರೆ, ಎಷ್ಟು ಅಂತ ಕೌಂಟರ್‌ನಲ್ಲಿ ಹೇಳಿ. ಮುಟ್ಟಾಗಿದ್ದರೂ ಹೇಳಿ. ಇಲ್ಲದಿದ್ದರೆ ಅದರ ರಕ್ತವನ್ನು ಮೂತ್ರದ ರಕ್ತ ಅಂತ ಬರೆದುಬಿಡುತ್ತೇವೆ.

ಬೆಳಗ್ಗೆ ಎದ್ದ ತಕ್ಷಣದ ಮೂತ್ರ ಒಳ್ಳೆಯದು, ರಾತ್ರಿಯಿಡೀ ಮೂತ್ರಕೋಶದಲ್ಲಿ ಇದ್ದದ್ದರಿಂದ ಕ್ರಿಮಿ ಸುಲಭವಾಗಿ ಸಿಗುತ್ತದೆ. ಉರಿ ಜೋರಾಗಿ ಬೆಳಗಿನವರೆಗೆ ಕಾಯಲಾಗದಿದ್ದರೆ ಯಾವಾಗ ಕೊಟ್ಟರೂ ಪರವಾಗಿಲ್ಲ. ಮೊದಲು ಕೈ ಸೋಪು ಹಾಕಿ ತೊಳೆಯಿರಿ. ಆ ಜಾಗವನ್ನು ಬರೀ ನೀರಲ್ಲಿ ಮುಂದಿನಿಂದ ಹಿಂದಕ್ಕೆ ತೊಳೆಯಿರಿ. ಡೆಟಾಲ್, ಸ್ಯಾವ್ಲಾನ್ ಹಾಕಬೇಡಿ, ಅದು ಸ್ಯಾಂಪಲ್‌ಗೆ ಸೇರಿದರೆ ಕ್ರಿಮಿ ಸತ್ತು ರಿಪೋರ್ಟ್ ಸುಳ್ಳಾಗುತ್ತದೆ. ಹೆಂಗಸರು ಎರಡು ಬೆರಳಲ್ಲಿ ಮಡಿಕೆಗಳನ್ನು ಬಿಡಿಸಿ ಹಿಡಿದು, ಮೊದಲು ಬರುವ ಸ್ವಲ್ಪ ಮೂತ್ರವನ್ನು ಕೆಳಗೆ ಬಿಡಬೇಕು. ಅದು ಹೊರಗಿನ ಚರ್ಮದ ಕ್ರಿಮಿಗಳನ್ನು ತೊಳೆದುಕೊಂಡು ಹೋಗುತ್ತದೆ. ಆಮೇಲೆ ಧಾರೆ ನಿಲ್ಲಿಸದೆ ಡಬ್ಬಿ ಅಡ್ಡ ಹಿಡಿದು ಮಧ್ಯದ ಮೂತ್ರ ತುಂಬಿಸಿ. ಅರ್ಧ ಡಬ್ಬಿ ಸಾಕು. ಕೊನೆಯದು ಮತ್ತೆ ಕೆಳಗೆ. ಡಬ್ಬಿಯ ಒಳಗೆ, ಮುಚ್ಚಳದ ಒಳಬದಿಗೆ ಬೆರಳು ತಾಗಬಾರದು.

ಇನ್ನು ಸಮಯ. ಎರಡು ಗಂಟೆಯೊಳಗೆ ಡಬ್ಬಿ ಲ್ಯಾಬ್ ಸೇರಬೇಕು. ಮುಳಬಾಗಿಲಿನ ಆಚೆಯ ಹಳ್ಳಿಯಿಂದ ಆರು ಗಂಟೆಗೆ ತುಂಬಿಸಿಕೊಂಡು, ಬಸ್ಸಿಗೆ ಕಾಯ್ದು, ಎರಡು ಬಸ್ ಬದಲಾಯಿಸಿ, ಹತ್ತು ಗಂಟೆಗೆ ಬಿಸಿಬಿಸಿ ಡಬ್ಬಿ ಕೊಡುವವರು ಇದ್ದಾರೆ. ಇ. ಕೋಲೈಗೆ ಬೆಚ್ಚಗಿನ ಜಾಗ ಮತ್ತು ಆಹಾರ ಚೆನ್ನಾಗಿ ಸಿಕ್ಕರೆ ಸುಮಾರು 20 ನಿಮಿಷಕ್ಕೆ ಒಂದು ಎರಡಾಗುತ್ತದೆ. ಆ ಲೆಕ್ಕದಲ್ಲಿ ಎರಡು ಗಂಟೆಗೆ ಒಂದು ಇದ್ದದ್ದು 64. ಮೂತ್ರದಲ್ಲಿ ಇಷ್ಟು ವೇಗ ಇರದಿದ್ದರೂ ನಾಲ್ಕು ಗಂಟೆ ಬಿಸಿಲಲ್ಲಿ ಸುತ್ತಿದ ಡಬ್ಬಿಯಲ್ಲಿ ಸಿಗುವ ಲೆಕ್ಕ ನಿಮ್ಮ ಮೂತ್ರಕೋಶದ ಲೆಕ್ಕ ಅಲ್ಲ. ದೂರದವರು ಲ್ಯಾಬ್‌ಗೇ ಬಂದು ಅಲ್ಲಿನ ಟಾಯ್ಲೆಟ್‌ನಲ್ಲಿ ಸ್ಯಾಂಪಲ್ ಕೊಡುವುದು ಉತ್ತಮ. ತಡವಾಗುವುದೇ ಆದರೆ ಡಬ್ಬಿಯನ್ನು ಕವರ್‌ನಲ್ಲಿ ಕಟ್ಟಿ ಫ್ರಿಜ್‌ನಲ್ಲಿಡಿ (ಫ್ರೀಜರ್‌ನಲ್ಲಿ ಅಲ್ಲ), ತರುವಾಗ ಐಸ್ ಜೊತೆ ತನ್ನಿ.

ರಿಪೋರ್ಟ್ ಕೈಗೆ ಬಂದಾಗ

ಟೆಸ್ಟ್ ಎರಡು ಥರ. ಒಂದು ಯೂರಿನ್ ರೊಟೀನ್, ಅವತ್ತೇ ರಿಪೋರ್ಟ್ ಸಿಗುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಮೂತ್ರ ಪರೀಕ್ಷೆ ಮಾಡುತ್ತಾರೆ. ಇದರಲ್ಲಿ "ಪಸ್ ಸೆಲ್ಸ್" ಅಂತ ಒಂದು ಸಾಲು ಇರುತ್ತದೆ. ಅವು ಸೋಂಕಿನ ವಿರುದ್ಧ ಹೋರಾಡಲು ಬಂದ ಬಿಳಿ ರಕ್ತಕಣಗಳು. 0ಯಿಂದ 5ರವರೆಗೆ ಸಾಮಾನ್ಯ. ಅದಕ್ಕಿಂತ ಜಾಸ್ತಿ ಇದ್ದು ಉರಿಯೂ ಇದ್ದರೆ ಸೋಂಕಿನ ಸಾಧ್ಯತೆ ಹೆಚ್ಚು. "ನೈಟ್ರೈಟ್ ಪಾಸಿಟಿವ್" ಅಂತ ಬಂದರೆ ಇ. ಕೋಲೈನಂಥ ಕ್ರಿಮಿ ಇದೆ ಅನ್ನುವುದಕ್ಕೆ ಗಟ್ಟಿ ಸುಳಿವು. ನೆಗೆಟಿವ್ ಬಂದ ಮಾತ್ರಕ್ಕೆ ಸೋಂಕು ಇಲ್ಲ ಅಂತ ಅಲ್ಲ. ನೈಟ್ರೈಟ್ ತಯಾರಾಗಲು ಮೂತ್ರ ಒಳಗೆ ನಾಲ್ಕು ಗಂಟೆಯಾದರೂ ನಿಲ್ಲಬೇಕು. ಹತ್ತು ನಿಮಿಷಕ್ಕೊಮ್ಮೆ ಟಾಯ್ಲೆಟ್‌ಗೆ ಓಡುವವರಲ್ಲಿ ಅದು ಎಲ್ಲಿ ನಿಲ್ಲುತ್ತದೆ, ಅಲ್ವಾ?

"ಎಪಿಥೀಲಿಯಲ್ ಸೆಲ್ಸ್" ತುಂಬಾ ಅಂತ ಬರೆದಿದ್ದರೆ ಚರ್ಮದ ಕಣಗಳು ಸೇರಿವೆ, ಸ್ಯಾಂಪಲ್ ಸರಿಯಾಗಿ ಹಿಡಿದಿಲ್ಲ ಅಂತ ಅರ್ಥ. ಆ ರಿಪೋರ್ಟಿನ ಪಸ್ ಸೆಲ್ಸ್ ನಂಬಿ ಮಾತ್ರೆ ಶುರು ಮಾಡುವ ಬದಲು ಇನ್ನೊಂದು ಸ್ಯಾಂಪಲ್ ಕೊಡುವುದು ಮೇಲು.

ಎರಡನೆಯದು ಕಲ್ಚರ್. ಇದಕ್ಕೆ ಎರಡು ಮೂರು ದಿನ ಬೇಕು. ಯಾಕಿಷ್ಟು ದಿನ ಅಂತ ಜನ ಸಿಟ್ಟಾಗುತ್ತಾರೆ. ನಾವು ಮಾಡುವುದು ಇಷ್ಟು. ತುದಿಯಲ್ಲಿ ಪುಟ್ಟ ಬಳೆ ಇರುವ ತಂತಿಯನ್ನು ಮೂತ್ರದಲ್ಲಿ ಅದ್ದುತ್ತೇವೆ. ಅದರಲ್ಲಿ ನಿಲ್ಲುವುದು ಒಂದು ಮಿಲಿಲೀಟರಿನ ಸಾವಿರದಲ್ಲಿ ಒಂದು ಭಾಗ. ಅದನ್ನು ತೆಳು ಹಸಿರು ಬಣ್ಣದ ಜೆಲ್ಲಿ ಹರಡಿದ ತಟ್ಟೆಯ ಮೇಲೆ ಗೀಚಿ, 37 ಡಿಗ್ರಿ ಬಿಸಿಯ ಪೆಟ್ಟಿಗೆಯಲ್ಲಿ ರಾತ್ರಿಯಿಡೀ ಇಡುತ್ತೇವೆ. ಮಾರನೇ ಬೆಳಗ್ಗೆ ತೆಗೆದರೆ ಇ. ಕೋಲೈ ಇದ್ದ ಕಡೆ ಹಸಿರು ಹೋಗಿ ಹಳದಿ ತಿರುಗಿರುತ್ತದೆ, ಹಳದಿ ಚುಕ್ಕೆಗಳು ಎದ್ದಿರುತ್ತವೆ. ಒಂದು ಚುಕ್ಕೆ ಎಂದರೆ ಅಲ್ಲಿ ಬಿದ್ದ ಒಂದು ಕ್ರಿಮಿಯ ಸಂತಾನ. 100 ಚುಕ್ಕೆ ಇದ್ದರೆ ಒಂದು ಮಿಲಿಲೀಟರಿಗೆ ಒಂದು ಲಕ್ಷ ಕ್ರಿಮಿ. ರಿಪೋರ್ಟ್‌ನಲ್ಲಿ "ಒಂದು ಲಕ್ಷಕ್ಕಿಂತ ಹೆಚ್ಚು" ಅಂತ ಕಾಣುವುದು ಈ ಲೆಕ್ಕ. ಉರಿ ಜೋರಾಗಿದ್ದರೆ ಇದಕ್ಕಿಂತ ಕಡಿಮೆ ಇದ್ದರೂ ಡಾಕ್ಟರು ಸೋಂಕು ಅಂತಲೇ ಪರಿಗಣಿಸಬಹುದು.

ಆಮೇಲೆ ಆ ಕ್ರಿಮಿಯನ್ನು ಇನ್ನೊಂದು ತಟ್ಟೆಗೆ ಹರಡಿ, ಮೇಲೆ ಬೇರೆ ಬೇರೆ ಆಂಟಿಬಯೋಟಿಕ್ ಹೀರಿದ ಸಣ್ಣ ಬಿಲ್ಲೆಗಳನ್ನು ಇಡುತ್ತೇವೆ. ಮತ್ತೆ ಒಂದು ರಾತ್ರಿ. ಔಷಧಿ ಕೆಲಸ ಮಾಡಿದರೆ ಬಿಲ್ಲೆಯ ಸುತ್ತ ಕ್ರಿಮಿ ಬೆಳೆಯದೆ ಖಾಲಿ ವೃತ್ತ ಉಳಿಯುತ್ತದೆ. ಅದನ್ನು ಸ್ಕೇಲ್ ಇಟ್ಟು ಮಿಲಿಮೀಟರ್‌ನಲ್ಲಿ ಅಳೆಯುತ್ತೇವೆ. ಕೆಲವು ತಟ್ಟೆಗಳಲ್ಲಿ ಸಿಪ್ರೋಫ್ಲಾಕ್ಸಾಸಿನ್ ಬಿಲ್ಲೆಯ ಅಂಚಿನವರೆಗೂ ಕ್ರಿಮಿ ದಟ್ಟವಾಗಿ ಬೆಳೆದಿರುತ್ತದೆ, ಬಿಲ್ಲೆ ಅಲ್ಲಿ ಇಲ್ಲವೇ ಇಲ್ಲ ಅನ್ನುವಂತೆ. ಅದನ್ನು ಕಣ್ಣಾರೆ ಕಂಡವರು ಮೆಡಿಕಲ್‌ನಲ್ಲಿ ಕೇಳಿ ಮಾತ್ರೆ ನುಂಗುವುದಿಲ್ಲ. ರಿಪೋರ್ಟ್‌ನಲ್ಲಿ ಔಷಧಿ ಹೆಸರಿನ ಮುಂದೆ ಎಸ್ ಅಂತಿದ್ದರೆ ಅದು ಈ ಕ್ರಿಮಿಗೆ ನಾಟುತ್ತದೆ, ಆರ್ ಅಂತಿದ್ದರೆ ನಾಟುವುದಿಲ್ಲ. ಎಸ್ ಕಂಡ ಮಾತ್ರಕ್ಕೆ ನೀವೇ ಆರಿಸಿಕೊಳ್ಳಬೇಡಿ. ಕಿಡ್ನಿ, ಗರ್ಭ, ಅಲರ್ಜಿ ಎಲ್ಲ ನೋಡಿ ಡಾಕ್ಟರ್ ಆರಿಸಬೇಕು.

ಆರೋಗ್ಯವಾಗಿರುವ ಹೆಂಗಸಿಗೆ ಅಪರೂಪಕ್ಕೊಮ್ಮೆ ಬಂದ ಉರಿಮೂತ್ರಕ್ಕೆ ಕಲ್ಚರ್ ಕಡ್ಡಾಯ ಅಲ್ಲ, ಲಕ್ಷಣ ನೋಡಿಯೇ ಡಾಕ್ಟರ್ ಔಷಧಿ ಕೊಡಬಹುದು. ಗರ್ಭಿಣಿಯರಿಗೆ, ಗಂಡಸರಿಗೆ, ಮಕ್ಕಳಿಗೆ, ಜ್ವರ ಇರುವವರಿಗೆ, ಪದೇ ಪದೇ ಬರುವವರಿಗೆ, ಮಾತ್ರೆ ತಗೊಂಡೂ ಹೋಗದವರಿಗೆ ಕಲ್ಚರ್ ಬೇಕೇ ಬೇಕು. ಚಿಕ್ಕ ಲ್ಯಾಬ್‌ಗಳಲ್ಲಿ ಇದು ಇರುವುದಿಲ್ಲ. ಕೋಲಾರದ ಟಮಕದಲ್ಲಿರುವ ವೈದ್ಯಕೀಯ ಕಾಲೇಜು ಆಸ್ಪತ್ರೆಯಂಥ ದೊಡ್ಡ ಕಡೆ ಇರುತ್ತದೆ.

ಮಾತ್ರೆ

ಮೂತ್ರಕೋಶದ ಸಾಮಾನ್ಯ ಸೋಂಕಿಗೆ ಈಗ ಡಾಕ್ಟರುಗಳು ಹೆಚ್ಚಾಗಿ ಬರೆಯುವುದು ನೈಟ್ರೋಫ್ಯುರಂಟಾಯಿನ್, ಸಾಮಾನ್ಯವಾಗಿ 5 ದಿನ. ಊಟದ ಜೊತೆ ತಗೊಂಡರೆ ಹೊಟ್ಟೆ ತೊಳಸುವುದು ಕಡಿಮೆ. ಮೂತ್ರ ಕಡು ಹಳದಿ ಅಥವಾ ಕಂದು ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ, ಅದು ಔಷಧಿಯ ಬಣ್ಣ. ಕಿಡ್ನಿ ಕೆಲಸ ತುಂಬಾ ಕಡಿಮೆ ಇರುವವರಿಗೆ, ಹೆರಿಗೆ ಹತ್ತಿರ ಇರುವವರಿಗೆ ಇದನ್ನು ಕೊಡುವುದಿಲ್ಲ. ಸೋಂಕು ಕಿಡ್ನಿಗೆ ಹತ್ತಿದ್ದರೆ ಇದು ಸಾಲುವುದಿಲ್ಲ. ಇನ್ನೊಂದು ಫಾಸ್ಫೋಮೈಸಿನ್. 3 ಗ್ರಾಂ ಪುಡಿಯ ಪೊಟ್ಟಣ, ನೀರಿಗೆ ಕಲಸಿ ಒಂದೇ ಸಲ ಕುಡಿಯುವುದು. ರಾತ್ರಿ ಮಲಗುವ ಮುಂಚೆ, ಖಾಲಿ ಹೊಟ್ಟೆಯಲ್ಲಿ, ಒಂದಕ್ಕೆ ಹೋಗಿ ಬಂದು ಕುಡಿದರೆ ಔಷಧಿ ರಾತ್ರಿಯಿಡೀ ಮೂತ್ರಕೋಶದಲ್ಲಿ ನಿಲ್ಲುತ್ತದೆ.

ಹಿಂದೆ ನಾರ್‌ಫ್ಲಾಕ್ಸಾಸಿನ್, ಸಿಪ್ರೋಫ್ಲಾಕ್ಸಾಸಿನ್ ಅಂದರೆ ಉರಿಮೂತ್ರದ ಮಾತ್ರೆ ಅಂತಲೇ ಹೆಸರು. ನಮ್ಮ ದೇಶದ ಇ. ಕೋಲೈ ಈಗ ಅವಕ್ಕೆ ಬಹಳಷ್ಟು ಬಗ್ಗುವುದಿಲ್ಲ. ಈ ಗುಂಪಿನ ಔಷಧಿಗಳಿಂದ ಸ್ನಾಯುರಜ್ಜುಗಳಿಗೆ, ನರಗಳಿಗೆ ಹಾನಿಯಾಗುವ ಅಪಾಯವೂ ಇದೆ. ಪಕ್ಕದ ಮನೆಯವರಿಗೆ ಕೆಲಸ ಮಾಡಿದ ಮಾತ್ರೆ ನಿಮಗೆ ಕೆಲಸ ಮಾಡುತ್ತದೆ ಅಂತ ಹೇಳಲು ಆಗುವುದಿಲ್ಲ.

ಮಾತ್ರೆಯ ಪಟ್ಟಿಯ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದೆಯಾ ನೋಡಿ. ಚೀಟಿ ಇಲ್ಲದೆ ಕೊಳ್ಳಬಾರದ ಔಷಧಿ ಅಂತ ತಿಳಿಸುವ ಗುರುತು ಅದು. ಜನರಿಗೆ ಇದು ಗೊತ್ತಾಗಲಿ ಅಂತ ಕೇಂದ್ರ ಸರ್ಕಾರ 2016ರಲ್ಲಿ ಪ್ರಚಾರವನ್ನೇ ಶುರು ಮಾಡಿತ್ತು. ಖರ್ಚಿನ ಚಿಂತೆ ಇದ್ದರೆ ಚೀಟಿ ಹಿಡಿದು ಜನೌಷಧಿ ಕೇಂದ್ರದಲ್ಲಿ ಕೇಳಿ.

ಎರಡು ದಿನದಲ್ಲಿ ಉರಿ ಕಡಿಮೆಯಾಗಬೇಕು. ಕಡಿಮೆಯಾಯಿತು ಅಂತ ನಿಲ್ಲಿಸಬೇಡಿ, ಬರೆದಷ್ಟು ದಿನ ಮುಗಿಸಿ. ಮೂರನೇ ದಿನಕ್ಕೂ ಹಾಗೇ ಇದ್ದರೆ ವಾಪಸ್ ಹೋಗಿ. ಮೈಮೇಲೆ ದದ್ದು, ಉಸಿರಾಟಕ್ಕೆ ಕಷ್ಟ ಆದರೆ ಮಾತ್ರೆ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗಿ.

ಉರಿಗೆ ಅಂತ ಕೊಡುವ ಸಿಟ್ರೇಟ್ ಸಿರಪ್ ಬಗ್ಗೆ ಒಂದು ಮಾತು. ಅದು ಮೂತ್ರದ ಹುಳಿ ಕಡಿಮೆ ಮಾಡಿ ಉರಿಯನ್ನು ತಣಿಸಬಹುದು. ಕ್ರಿಮಿಯನ್ನು ಕೊಲ್ಲುವುದಿಲ್ಲ. ನೈಟ್ರೋಫ್ಯುರಂಟಾಯಿನ್‌ಗೆ ಮೂತ್ರ ಹುಳಿ ಇದ್ದರೇ ಚೆನ್ನ, ಆದ್ದರಿಂದ ಎರಡನ್ನೂ ಒಟ್ಟಿಗೆ ನೀವಾಗಿಯೇ ಶುರು ಮಾಡಬೇಡಿ.

ಮನೆಮದ್ದು ಎಲ್ಲಿಯವರೆಗೆ

ಎಳನೀರು, ಬಾರ್ಲಿ ನೀರು, ನೀರು ಮಜ್ಜಿಗೆ, ಜೀರಿಗೆ ನೀರು, ರಾಗಿ ಅಂಬಲಿ ಎಲ್ಲವೂ ಒಳ್ಳೆಯವೇ. ಮೈಗೆ ನೀರು ಸೇರುತ್ತದೆ, ಮೂತ್ರ ತಿಳಿಯಾಗುತ್ತದೆ, ಉರಿ ತಗ್ಗುತ್ತದೆ. ನೀರು ಕಡಿಮೆಯಾಗಿ ಮೂತ್ರ ಗಾಢವಾಗಿದ್ದಕ್ಕೇ ಉರಿ ಬಂದಿದ್ದರೆ ಅಷ್ಟರಲ್ಲೇ ಹೋಗಿಬಿಡುತ್ತದೆ. ಬಿಸಿಲಿನ ದಿನಗಳಲ್ಲಿ ನಾವು ಉಷ್ಣ ಅನ್ನುವುದು ಎಷ್ಟೋ ಸಲ ಇದೇ. ಒಂದೆರಡು ದಿನ ಚೆನ್ನಾಗಿ ನೀರು ಕುಡಿದೂ ಉರಿ ಹೋಗದಿದ್ದರೆ ಟೆಸ್ಟ್ ಮಾಡಿಸಿ. ಕಿಬ್ಬೊಟ್ಟೆ ಮೇಲೆ ಬಿಸಿನೀರಿನ ಚೀಲ ಇಟ್ಟುಕೊಂಡರೆ ನೋವಿಗೆ ಹಿತ. ಪ್ಯಾರಸಿಟಮಾಲ್ ತಗೊಳ್ಳಬಹುದು. ಕಾಫಿ, ಖಾರ ಕೆಲವರಿಗೆ ಉರಿ ಜಾಸ್ತಿ ಮಾಡುತ್ತವೆ, ಅಂಥವರು ನಾಲ್ಕು ದಿನ ಬಿಡಿ.

ಹೃದಯದ ತೊಂದರೆ ಅಥವಾ ಕಿಡ್ನಿ ಕಾಯಿಲೆಗೆ ನೀರು ಅಳತೆ ಮಾಡಿ ಕುಡಿಯಿರಿ ಅಂತ ಡಾಕ್ಟರ್ ಹೇಳಿದ್ದರೆ ಆ ಅಳತೆಯನ್ನು ಮೀರಬೇಡಿ. ಕಿಡ್ನಿ ಕಾಯಿಲೆಯವರಿಗೆ ಎಳನೀರಿನ ಪೊಟ್ಯಾಶಿಯಂ ಅಪಾಯ.

ಬಾರದ ಹಾಗೆ ನೋಡಿಕೊಳ್ಳುವುದು

ತಡೆಯುವುದರಲ್ಲಿ ಮೊದಲು ಬರುವುದು ನೀರು, ಅದರ ಜೊತೆಗೇ ಒಂದಕ್ಕೆ ಹೋಗಲು ಜಾಗ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ದಿನಕ್ಕೆ ಒಂದೂವರೆ ಲೀಟರ್‌ಗಿಂತ ಕಡಿಮೆ ಕುಡಿಯುತ್ತಿದ್ದ, ಪದೇ ಪದೇ ಉರಿಮೂತ್ರ ಬರುತ್ತಿದ್ದ 140 ಹೆಂಗಸರನ್ನು ಒಂದು ವರ್ಷ ನೋಡಿದರು. ಅರ್ಧ ಜನ ದಿನಕ್ಕೆ ಒಂದೂವರೆ ಲೀಟರ್ ನೀರು ಹೆಚ್ಚಿಗೆ ಕುಡಿದರು. ಅವರಿಗೆ ವರ್ಷಕ್ಕೆ ಸರಾಸರಿ 1.7 ಸಲ ಸೋಂಕು ಬಂತು, ಎಂದಿನಂತೆ ಇದ್ದವರಿಗೆ 3.2 ಸಲ. ಬರೀ ನೀರಿನಿಂದ ಇಷ್ಟು.

ಆದರೆ ನಮ್ಮ ಹೆಂಗಸರು ನೀರು ಕುಡಿಯದಿರುವುದು ಗೊತ್ತಿಲ್ಲದೆ ಅಲ್ಲ. ಟೊಮೆಟೊ ಬಿಡಿಸಲು ಬೆಳಗಿನ ಜಾವ ಟೆಂಪೋ ಹತ್ತುವವರು, ಶ್ರೀನಿವಾಸಪುರದ ಮಾವಿನ ಮಂಡಿಗಳಲ್ಲಿ ಸೀಸನ್ ಪೂರ್ತಿ ಕಾಯಿ ವಿಂಗಡಿಸುವವರು, ನರಸಾಪುರ, ವೇಮಗಲ್ ಕಡೆಯ ಫ್ಯಾಕ್ಟರಿಗಳಿಗೆ ಶಿಫ್ಟ್‌ಗೆ ಹೋಗುವವರು, ಎಲ್ಲರೂ ಬೇಕಂತಲೇ ಕುಡಿಯುವುದಿಲ್ಲ. ಕುಡಿದರೆ ಎಲ್ಲಿ ಹೋಗುವುದು? ಬದುವಿನ ಮರೆ ಸಿಗುವುದಿಲ್ಲ, ಲೈನ್ ಬಿಟ್ಟು ಏಳಲು ಸೂಪರ್‌ವೈಸರನ್ನು ಕೇಳಬೇಕು. ಇಂಥವರಿಗೆ "ಮೂರು ಲೀಟರ್ ಕುಡೀರಿ" ಅಂತ ಹೇಳಿ ಕಳಿಸುವುದು ಅನ್ಯಾಯ. ಫ್ಯಾಕ್ಟರಿಯಲ್ಲಿ ಹೆಂಗಸರಿಗೆ ಬೇರೆ ಶೌಚಾಲಯ ಇರಲೇಬೇಕು ಅಂತ ಕಾನೂನಿದೆ, ಕೇಳುವ ಹಕ್ಕು ನಿಮಗಿದೆ. ತೋಟದ ಮಾಲೀಕರು ಪಂಪ್‌ಹೌಸ್ ಪಕ್ಕ ನಾಲ್ಕು ಶೀಟು ನಿಲ್ಲಿಸಿ, ಒಂದು ಗುಂಡಿ, ಒಂದು ಡ್ರಮ್ ನೀರು ಇಟ್ಟರೆ ದೊಡ್ಡ ಖರ್ಚೇನೂ ಆಗುವುದಿಲ್ಲ. ದಯವಿಟ್ಟು ಮಾಡಿ.

ಅಷ್ಟು ಆಗುವವರೆಗೆ ಹೀಗೆ ಮಾಡಬಹುದು. ಎದ್ದ ತಕ್ಷಣ ಎರಡು ಲೋಟ ಕುಡಿದು, ಹೊರಡುವ ಮುಂಚೆ ಒಂದಕ್ಕೆ ಹೋಗಿ ಬನ್ನಿ. ಕೆಲಸದಲ್ಲಿ ಗಂಟೆಗೆ ಅರ್ಧ ಲೋಟದಂತೆ ಕುಡಿಯಿರಿ. ಮೂರು ನಾಲ್ಕು ಗಂಟೆಗೊಮ್ಮೆ ಹೋಗಲು ಇಬ್ಬರು ಮೂವರು ಜೊತೆಯಾಗಿ. ಮನೆಗೆ ಬಂದ ಮೇಲೆ ಉಳಿದ ನೀರು ಕುಡಿಯಿರಿ. ಮೂತ್ರ ತೆಳು ಹಳದಿ ಇದ್ದರೆ ನೀರು ಸಾಕಾಗಿದೆ ಅಂತ ಲೆಕ್ಕ.

ಇನ್ನು ಉಳಿದದ್ದು. ತೊಳೆಯುವಾಗ ಕೈ ಮುಂದಿನಿಂದ ಹಿಂದಕ್ಕೆ ಹೋಗಲಿ. ಗಂಡ ಹೆಂಡಿರು ಸೇರಿದ ಮೇಲೆ ಒಂದಕ್ಕೆ ಹೋಗಿ ಬನ್ನಿ. ಇವೆರಡಕ್ಕೆ ಗಟ್ಟಿ ಪುರಾವೆ ಕಡಿಮೆ, ಆದರೆ ಕಾಸಿನ ಖರ್ಚಿಲ್ಲ, ಕೆಡುಕೂ ಇಲ್ಲ. ಸೇರಿದ ಮೇಲೆ ಸೋಂಕು ಬಂದರೆ ಗಂಡನಿಂದ ಕಾಯಿಲೆ ಅಂಟಿತು ಅಂತ ಅಲ್ಲ. ನಿಮ್ಮದೇ ಚರ್ಮದ ಕ್ರಿಮಿ ಒಳಗೆ ಹೋಗಿರುತ್ತದೆ. ಯೋನಿಯ ಒಳಗೆ ಸೋಪು, ವಾಶ್ ಹಾಕಿ ತೊಳೆಯುವುದು ಮಾತ್ರ ಬೇಡವೇ ಬೇಡ. ಅಲ್ಲಿ ಇರಬೇಕಾದ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಕೆಟ್ಟದ್ದಕ್ಕೆ ಜಾಗ ಆಗುತ್ತದೆ. ಮಲಬದ್ಧತೆ ಇದ್ದರೆ ಸರಿ ಮಾಡಿಕೊಳ್ಳಿ, ತುಂಬಿದ ಕರುಳು ಒತ್ತಿ ಮೂತ್ರಕೋಶ ಪೂರ್ತಿ ಖಾಲಿಯಾಗುವುದಿಲ್ಲ.

ಇವರಿಗೆ ಲೆಕ್ಕ ಬೇರೆ

ಗರ್ಭಿಣಿಯರಿಗೆ ಉರಿ ಇಲ್ಲದಿದ್ದರೂ ಮೂತ್ರದಲ್ಲಿ ಕ್ರಿಮಿ ಇದ್ದರೆ ಔಷಧಿ ಬೇಕು. ಬಿಟ್ಟರೆ ಕಿಡ್ನಿಗೆ ಹತ್ತಬಹುದು, ದಿನ ತುಂಬುವ ಮುಂಚೆ ಹೆರಿಗೆ ಆಗಬಹುದು. ತಾಯಿ ಕಾರ್ಡ್ ಮಾಡಿಸುವಾಗಲೇ ಮೂತ್ರ ಪರೀಕ್ಷೆ ಕೇಳಿ ಮಾಡಿಸಿ. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಾರಿ ತೋರಿಸುತ್ತಾರೆ.

ಚಿಕ್ಕ ಮಕ್ಕಳು ಉರಿ ಅಂತ ಹೇಳಲಾರರು. ನೆಗಡಿ ಕೆಮ್ಮು ಇಲ್ಲದೆ ಜ್ವರ ಬಂದರೆ, ಒಂದಕ್ಕೆ ಹೋಗುವಾಗ ಅತ್ತರೆ, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾದರೆ ಮೂತ್ರ ಟೆಸ್ಟ್ ಮಾಡಿಸಿ. ಶಾಲೆಯ ಟಾಯ್ಲೆಟ್ ಗಲೀಜು ಅಂತ ಬೆಳಗ್ಗೆಯಿಂದ ಸಂಜೆವರೆಗೆ ಕಟ್ಟಿಕೊಂಡು ಬರುವ ಹೆಣ್ಣುಮಕ್ಕಳನ್ನು ಬೈಯಬೇಡಿ, ಶಾಲೆಯಲ್ಲಿ ಮಾತಾಡಿ.

ಗಂಡಸರಿಗೆ ಬಂದರೆ ಸುಮ್ನೆ ಬಿಡುವ ಹಾಗಿಲ್ಲ. ಐವತ್ತು ದಾಟಿದವರಲ್ಲಿ ಪ್ರಾಸ್ಟೇಟ್ (ಮೂತ್ರಕೋಶದ ಕೆಳಗಿರುವ ಗ್ರಂಥಿ) ದಪ್ಪವಾಗಿ ಮೂತ್ರ ಒಳಗೇ ಉಳಿಯುತ್ತಿರಬಹುದು. ಧಾರೆ ಸಣ್ಣಗಾಗಿದ್ದರೆ, ರಾತ್ರಿ ಮೂರು ನಾಲ್ಕು ಸಲ ಏಳುತ್ತಿದ್ದರೆ ಡಾಕ್ಟರಿಗೆ ಹೇಳಿ.

ಸಕ್ಕರೆ ಕಾಯಿಲೆ ಇದ್ದು ಸಕ್ಕರೆ ಹತೋಟಿಯಲ್ಲಿ ಇಲ್ಲದಿದ್ದರೆ ಸೋಂಕು ಬೇಗ ಬರುತ್ತದೆ, ಬೇಗ ಏರುತ್ತದೆ. ಡಾಪಾಗ್ಲಿಫ್ಲೋಜಿನ್ ಥರದ ಮಾತ್ರೆಗಳು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ. ಅದರಿಂದ ಆ ಜಾಗದಲ್ಲಿ ಫಂಗಸ್ ತುರಿಕೆ ಬರಬಹುದು. ನೀವಾಗಿಯೇ ನಿಲ್ಲಿಸದೆ ಡಾಕ್ಟರನ್ನು ಕೇಳಿ.

ವಯಸ್ಸಾದವರಲ್ಲಿ ಉರಿ, ಜ್ವರ ಏನೂ ಇಲ್ಲದೆ ಕಲ್ಚರ್‌ನಲ್ಲಿ ಕ್ರಿಮಿ ಬೆಳೆಯುವುದು ಮಾಮೂಲಿ. ಕ್ಯಾಥೆಟರ್ (ಮೂತ್ರ ಹೊರಗೆ ಹರಿಸುವ ನಳಿಕೆ) ಹಾಕಿರುವವರಲ್ಲಂತೂ ಇನ್ನೂ ಜಾಸ್ತಿ. ಲಕ್ಷಣ ಇಲ್ಲದಿದ್ದರೆ ಸಾಮಾನ್ಯವಾಗಿ ಆಂಟಿಬಯೋಟಿಕ್ ಬೇಡ. ರಿಪೋರ್ಟ್ ನೋಡಿ ಮಾತ್ರೆ ಕೊಡಿ ಅಂತ ಡಾಕ್ಟರನ್ನು ಒತ್ತಾಯ ಮಾಡಬೇಡಿ. ಕ್ಯಾಥೆಟರ್ ಚೀಲವನ್ನು ಯಾವಾಗಲೂ ಹೊಟ್ಟೆಗಿಂತ ಕೆಳಗೆ ಇಡಿ, ನೆಲಕ್ಕೆ ತಾಗಿಸಬೇಡಿ, ಮುಟ್ಟುವ ಮುಂಚೆ ಕೈ ತೊಳೆಯಿರಿ.

ಮತ್ತೆ ಮತ್ತೆ ಬರುತ್ತಿದ್ದರೆ

ಆರು ತಿಂಗಳಲ್ಲಿ ಎರಡು ಸಲ ಅಥವಾ ವರ್ಷದಲ್ಲಿ ಮೂರು ಸಲ ಬಂದರೆ ಅದನ್ನು ಮರುಕಳಿಸುವ ಸೋಂಕು ಅನ್ನುತ್ತಾರೆ. ಆಗ ಪ್ರತಿ ಸಲವೂ ಕಲ್ಚರ್ ಮಾಡಿಸಬೇಕು. ಸಕ್ಕರೆ ಟೆಸ್ಟ್, ಅಗತ್ಯ ಇದ್ದರೆ ಕಲ್ಲು ಇದೆಯಾ, ಮೂತ್ರ ಉಳಿಯುತ್ತಿದೆಯಾ ನೋಡಲು ಸ್ಕ್ಯಾನ್ ಹೇಳುತ್ತಾರೆ. ಮುಟ್ಟು ನಿಂತ ಹೆಂಗಸರಿಗೆ ಯೋನಿಗೆ ಹಚ್ಚುವ ಈಸ್ಟ್ರೋಜನ್ ಹಾರ್ಮೋನ್ ಕ್ರೀಮ್ ಒಳ್ಳೆಯ ದಾರಿ. ಹಾರ್ಮೋನ್ ಕಡಿಮೆಯಾಗಿ ತೆಳುವಾದ ಒಳಚರ್ಮ ಗಟ್ಟಿಯಾಗಿ ಸೋಂಕು ತಗ್ಗುತ್ತದೆ. ನಮ್ಮ ಕಡೆ ಇದನ್ನು ಕೇಳುವವರು ಕಡಿಮೆ, ನಾಚಿಕೆ ಬಿಟ್ಟು ಸ್ತ್ರೀರೋಗ ತಜ್ಞರನ್ನು ಕೇಳಿ. ಕ್ರ್ಯಾನ್‌ಬೆರಿ ಅನ್ನುವ ಹುಳಿ ಹಣ್ಣಿನ ಮಾತ್ರೆ ಕೆಲವು ಹೆಂಗಸರಲ್ಲಿ ಮರುಕಳಿಸುವುದನ್ನು ಕಡಿಮೆ ಮಾಡುತ್ತದೆ, ಬಂದ ಸೋಂಕನ್ನು ವಾಸಿ ಮಾಡುವುದಿಲ್ಲ. ಕೈಯಲ್ಲಿ ಕಾಸು ಬಿಗಿ ಇದ್ದರೆ ಅದಕ್ಕೆ ಖರ್ಚು ಮಾಡುವ ಬದಲು ಕಲ್ಚರ್‌ಗೆ ಮಾಡಿ.

ಮಾತ್ರೆ ಮುಗಿದು ಉರಿ ಪೂರ್ತಿ ಹೋಗಿದ್ದರೆ ಮತ್ತೆ ಟೆಸ್ಟ್ ಬೇಕಿಲ್ಲ. ಗರ್ಭಿಣಿಯರಿಗೆ ಮಾತ್ರ ಮತ್ತೊಮ್ಮೆ ಮಾಡಿಸುತ್ತಾರೆ. ಮೂತ್ರದಲ್ಲಿ ರಕ್ತ ಕಂಡಿದ್ದವರು ಸೋಂಕು ವಾಸಿಯಾದ ಮೇಲೆ ರಕ್ತ ಹೋಗಿದೆಯಾ ಅಂತ ಒಮ್ಮೆ ರೊಟೀನ್ ಮಾಡಿಸಿ. ಕಲ್ಚರ್ ರಿಪೋರ್ಟನ್ನು ಎಸೆಯಬೇಡಿ. ಮೊಬೈಲ್‌ನಲ್ಲಿ ಫೋಟೊ ತೆಗೆದು, ಯಾವ ಮಾತ್ರೆ ಎಷ್ಟು ದಿನ ತಗೊಂಡಿರಿ ಅಂತ ಅದರ ಹಿಂದೆ ಬರೆದು ಫೈಲಲ್ಲಿ ಇಡಿ. ಮುಂದಿನ ಸಲ ಉರಿ ಬಂದಾಗ ಹೊಸ ರಿಪೋರ್ಟ್ ಬರುವವರೆಗಿನ ಎರಡು ದಿನಕ್ಕೆ ಯಾವ ಔಷಧಿ ಕೊಡಬೇಕು ಅಂತ ಡಾಕ್ಟರ್ ಆರಿಸುವುದು ಆ ಹಳೆಯ ಹಾಳೆ ನೋಡಿ.